ಫಂಕ್ಷನ್ನಿನ ಹಣೆಬರಹ

ಮಳೆಗಾಲ ಬಂತೆಂದರೆ ಸವದತ್ತಿ, ರಾಮದುರ್ಗ, ಬೈಲಹೊಂಗಲದ ಕಡೆ ಪತ್ರಿಕೆ ಕೈಗೆ ಬಂದ ಕೂಡಲೇ ಕಣ್ಣು ಹೋಗುವುದು ಒಂದು ಸಣ್ಣ ಚೌಕಕ್ಕೆ. ಅದು ಜಲಾಶಯಗಳ ಪಟ್ಟಿ. ಅದರಲ್ಲಿ ಮಲಪ್ರಭೆಯ ಸಾಲಿನ ಮುಂದೆ ಗರಿಷ್ಠ ಮಟ್ಟ 2079.50 ಅಡಿ ಎಂದಿರುತ್ತದೆ. ಪಕ್ಕದಲ್ಲಿ ಇಂದಿನ ಮಟ್ಟ, ಒಳಹರಿವು, ಹೊರಹರಿವು. ಓದುವವರಲ್ಲಿ ಒಬ್ಬರಿಗಾದರೂ ಒಮ್ಮೆಯಾದರೂ ಅನುಮಾನ ಬಂದಿರಲೇಬೇಕು. 2079 ಅಡಿ ಎಂದರೆ ಸುಮಾರು 634 ಮೀಟರು, ಅಂದರೆ ಜೋಗದ 253 ಮೀಟರಿನ ಎರಡೂವರೆ ಪಟ್ಟು. ನವಿಲುತೀರ್ಥದ ಕಣಿವೆಯಲ್ಲಿ ಎರಡು ಗುಡ್ಡಗಳ ನಡುವೆ ನಿಂತಿರುವ ಅಣೆಕಟ್ಟೋ ನಲವತ್ತು ಮೀಟರಿನ ಆಸುಪಾಸಿನದು. ಹಾಗಾದರೆ ಉಳಿದ ಸುಮಾರು ಆರುನೂರು ಮೀಟರು ಎಲ್ಲಿ ಹೋಯಿತು? ಉತ್ತರ ಸರಳ. ಅದು ಅಣೆಕಟ್ಟಿನ ಬುಡದಿಂದ ಅಳೆದ ಎತ್ತರವಲ್ಲ, ಸಮುದ್ರಮಟ್ಟದಿಂದ ಅಳೆದದ್ದು. ಎಂಜಿನಿಯರಿಗೆ ಇದು ಎಷ್ಟು ಗೊತ್ತಿದೆಯೆಂದರೆ ಬರೆಯಬೇಕು ಎಂದೇ ಅವರಿಗೆ ಅನಿಸುವುದಿಲ್ಲ. ಓದುಗರಿಗೆ ಗೊತ್ತಿಲ್ಲದಿದ್ದರೂ ಕೆಲಸ ಕೆಡುವುದಿಲ್ಲ, ಏಕೆಂದರೆ ಅವರು ನೋಡುವುದು ನಿನ್ನೆಗಿಂತ ಇಂದು ಎಷ್ಟು ಏರಿತು ಎಂಬುದನ್ನು ಮಾತ್ರ. ಆದರೆ ಅದೇ ಸಂಖ್ಯೆ ಮನುಷ್ಯರ ಕಣ್ಣಿನಿಂದ ಕಂಪ್ಯೂಟರಿನ ಹೊಟ್ಟೆಗೆ ಹೋದಾಗ ಮಾತೇ ಬೇರೆ. ಕಂಪ್ಯೂಟರು ಅನುಮಾನ ಪಡುವುದಿಲ್ಲ. ಎಲ್ಲಿಂದ ಅಳೆದದ್ದು, ಯಾವ ಅಳತೆಯಲ್ಲಿ ಎಂದು ಕೇಳುವುದಿಲ್ಲ. ಕೊಟ್ಟದ್ದನ್ನು ಕೂಡಿಸಿ ಕಳೆದು ಉತ್ತರ ಚೆಲ್ಲುತ್ತದೆ.

ಸಂಖ್ಯೆ ತನ್ನ ಹುಟ್ಟನ್ನು ತಾನೇ ಹೇಳಿಕೊಳ್ಳಲಾರದು. ಯಾರೋ ಅದರ ಪಕ್ಕದಲ್ಲಿ ಬರೆದಿಡಬೇಕು. ಸಾಫ್ಟ್‌ವೇರ್ ಬರೆಯುವವರು ಹೀಗೆ ಬರೆದಿಡಲು ಒಂದು ಪುಟ್ಟ ಉಪಾಯ ಮಾಡಿಕೊಂಡಿದ್ದಾರೆ. ಅದರ ಹೆಸರು ಡಾಕ್‌ಸ್ಟ್ರಿಂಗ್.

ಗಿರಣಿಯ ಬಾಯಿಗೆ ಏನು ಸುರಿಯಬೇಕು

ಫಂಕ್ಷನ್ ಎಂದರೆ ನಮ್ಮ ಕಡೆ ಮದುವೆ, ಸೀಮಂತ, ಗೃಹಪ್ರವೇಶ. ಪ್ರೋಗ್ರಾಮಿನಲ್ಲಿ ಅದು ಹಿಟ್ಟಿನ ಗಿರಣಿ. ಮೇಲಿನ ಬಾಯಿಗೆ ಜೋಳ ಸುರಿದರೆ ಕೆಳಗಿನ ಬಾಯಿಂದ ಹಿಟ್ಟು ಬರುತ್ತದೆ; ಒಳಗೆ ಕಲ್ಲು ಹೇಗೆ ತಿರುಗುತ್ತದೆ ಎಂದು ಗಿರಾಕಿ ತಿಳಿಯಬೇಕಿಲ್ಲ. ದೊಡ್ಡ ಸಾಫ್ಟ್‌ವೇರ್ ಎಂದರೆ ಇಂಥ ಸಾವಿರಾರು ಗಿರಣಿಗಳ ಸಾಲು, ಒಂದರ ಹಿಟ್ಟು ಇನ್ನೊಂದರ ಬಾಯಿಗೆ. ನಮ್ಮ ಜಲಾಶಯಕ್ಕೇ ಒಂದು ಗಿರಣಿ ಕಟ್ಟೋಣ. ಈಗ ಎಷ್ಟು ನೀರಿದೆ, ಎಷ್ಟು ಒಳಗೆ ಬರುತ್ತಿದೆ, ಎಷ್ಟು ಹೊರಗೆ ಹೋಗುತ್ತಿದೆ ಎಂದು ಹೇಳಿದರೆ, ಜಲಾಶಯ ತುಂಬಲು ಇನ್ನೆಷ್ಟು ದಿನ ಎಂದು ಅದು ಹೇಳಬೇಕು. ಮಲಪ್ರಭಾ ಜಲಾಶಯದ ಪೂರ್ಣ ಸಾಮರ್ಥ್ಯ 37.73 ಟಿಎಂಸಿ, ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ದಿನಕ್ಕೆ 86,400 ಸೆಕೆಂಡು. ಹಾಗಾಗಿ 11,574 ಕ್ಯೂಸೆಕ್ ಒಂದಿಡೀ ದಿನ ಹರಿದರೆ ಹೆಚ್ಚುಕಡಿಮೆ ಒಂದು ಟಿಎಂಸಿ ಆಗುತ್ತದೆ. ಪತ್ರಿಕೆ ಓದುವವರು ಈ ಒಂದು ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಜಲಾಶಯ ತುಂಬುವ ದಿನವನ್ನು ಚಹಾ ಆರುವುದರೊಳಗೆ ಲೆಕ್ಕ ಹಾಕಬಹುದು.

ಪ್ರೋಗ್ರಾಮರ್ ಕೂಡ ಅದನ್ನೇ ಮಾಡುತ್ತಾರೆ. ತುಂಬಲು ಉಳಿದ ಟಿಎಂಸಿಯನ್ನು ನಿವ್ವಳ ಹರಿವಿನಿಂದ ಭಾಗಿಸಿ, 11,574ರಿಂದ ಗುಣಿಸಿ, ಉತ್ತರ ಕೊಟ್ಟುಬಿಡುತ್ತಾರೆ. ಸಾಲು ಎರಡೇ. ಈಗ 25.73 ಟಿಎಂಸಿ ನೀರಿದ್ದು ನಿವ್ವಳ ಹರಿವು 11,574 ಕ್ಯೂಸೆಕ್ ಇದ್ದರೆ ಹನ್ನೆರಡು ದಿನ. ಚೆನ್ನಾಗಿದೆ. ಮೂರು ವರ್ಷ ಬಿಟ್ಟು ಬೇರೊಬ್ಬರು ಇದೇ ಫಂಕ್ಷನನ್ನು ಬಳಸುತ್ತಾರೆ ಎನ್ನೋಣ. ಅವರ ಮಾಪಕ ಹರಿವನ್ನು ಕೊಡುವುದು ಸೆಕೆಂಡಿಗೆ ಇಷ್ಟು ಘನ ಮೀಟರು ಎಂದು, ಅಂದರೆ ಕ್ಯೂಮೆಕ್‌ನಲ್ಲಿ. ಒಂದು ಕ್ಯೂಮೆಕ್ ಎಂದರೆ 35.3 ಕ್ಯೂಸೆಕ್. ಹೊಳೆಯಲ್ಲಿ ಹರಿಯುತ್ತಿರುವುದು ಅಷ್ಟೇ ನೀರು, ಆದರೆ ಕಾಗದದ ಮೇಲೆ ಅದು ಸುಮಾರು 328. ಅದನ್ನು ಗಿರಣಿಗೆ ಸುರಿದರೆ ಉತ್ತರ 424 ದಿನ. ಗಿರಣಿ ಕೆಮ್ಮುವುದಿಲ್ಲ, ಕಲ್ಲು ಸಿಕ್ಕಿಕೊಳ್ಳುವುದಿಲ್ಲ. ಹನ್ನೆರಡು ದಿನದಲ್ಲಿ ತುಂಬುವ ಜಲಾಶಯಕ್ಕೆ ಒಂದು ವರ್ಷ ಎರಡು ತಿಂಗಳು ಬೇಕು ಎಂದು ಅದು ಅದೇ ಸಮಾಧಾನದಿಂದ ಹೇಳುತ್ತದೆ. ಇದು ಬರೀ ತಮಾಷೆಯ ಉದಾಹರಣೆ ಎಂದು ತಳ್ಳಿಹಾಕುವಂತಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಮನೆಗಳಿಗೆ ನುಗ್ಗಿದ್ದನ್ನು ಕಂಡ ಊರಿಗೆ, ಜಲಾಶಯ ಯಾವಾಗ ತುಂಬುತ್ತದೆ, ಗೇಟು ಯಾವಾಗ ಎತ್ತುತ್ತಾರೆ ಎಂಬುದು ಸಾಮಾನು ಸಾಗಿಸುವ ಪ್ರಶ್ನೆ.

ಗಿಲಾವಿನ ಒಳಗಿನ ಗೆರೆ, ಗೋಡೆಯ ಮೇಲಿನ ಕಲ್ಲು

ಹಾಗಾದರೆ ಹರಿವು ಕ್ಯೂಸೆಕ್‌ನಲ್ಲಿರಬೇಕು ಎಂದು ಎಲ್ಲಿ ಬರೆಯಬೇಕು? ಮೊದಲು ತೋಚುವುದು ಟಿಪ್ಪಣಿ, ಅಂದರೆ ಕಾಮೆಂಟು. ಹೆಚ್ಚುಕಡಿಮೆ ಎಲ್ಲ ಪ್ರೋಗ್ರಾಮ್ ಭಾಷೆಗಳಲ್ಲೂ ಒಂದು ಗುರುತು ಹಾಕಿ ಅದರ ಮುಂದೆ ಏನು ಬೇಕಾದರೂ ಬರೆಯಬಹುದು. ಯಂತ್ರ ಅದನ್ನು ಓದದೆ ದಾಟಿಹೋಗುತ್ತದೆ. ಇದು ಗೋಡೆ ಕಟ್ಟುವ ಗೌಂಡಿ ಎಳೆದ ಸುಣ್ಣದ ಗೆರೆಯ ಹಾಗೆ. ಕಟ್ಟುವವರಿಗೆ ಅದು ಬೇಕು, ಆದರೆ ಗಿಲಾವು ಆದ ಮೇಲೆ ಯಾರಿಗೂ ಕಾಣದು. ಪೈಥಾನ್ ಎಂಬ ಭಾಷೆ ಇದಕ್ಕೆ ಇನ್ನೊಂದು ದಾರಿ ಇಟ್ಟಿದೆ. ಫಂಕ್ಷನ್ನಿನ ಒಡಲಿನಲ್ಲಿ ಎಲ್ಲಕ್ಕಿಂತ ಮೊದಲು ಉದ್ಧರಣ ಚಿಹ್ನೆಯೊಳಗೆ ಬರೀ ಒಂದು ಪಠ್ಯ ಇದ್ದರೆ, ಯಂತ್ರ ಅದನ್ನು ದಾಟಿಹೋಗುವುದಿಲ್ಲ, ಎತ್ತಿ ಆ ಫಂಕ್ಷನ್ನಿಗೇ ಕಟ್ಟಿಬಿಡುತ್ತದೆ. ಫಂಕ್ಷನ್ ಎಂಬುದು ಕಂಪ್ಯೂಟರಿನ ನೆನಪಿನಲ್ಲಿ ಒಂದು ವಸ್ತು. ಆ ವಸ್ತುವಿನಲ್ಲಿ ಈ ಪಠ್ಯಕ್ಕೆಂದೇ ಒಂದು ಖಾನೆ ಇದೆ. ಪ್ರೋಗ್ರಾಮು ಓಡುತ್ತಿರುವಾಗ ಯಾರಾದರೂ ಆ ಫಂಕ್ಷನ್ನಿನ ಹೆಸರು ಹೇಳಿ ಹೆಲ್ಪ್ ಎಂದು ಕೇಳಿದರೆ ಆ ಖಾನೆಯಲ್ಲಿದ್ದದ್ದು ತೆರೆಯ ಮೇಲೆ ಬರುತ್ತದೆ. ಮೂಲ ಕಡತವನ್ನು ಹುಡುಕಿ ತೆರೆಯಬೇಕಿಲ್ಲ, ಬರೆದವರಿಗೆ ಫೋನು ಮಾಡಬೇಕಿಲ್ಲ. ಫಂಕ್ಷನ್ ಹೋದಲ್ಲಿಗೆ ಅದೂ ಹೋಗುತ್ತದೆ. ಜಾಗ ಉಳಿಸಲೆಂದು ಅದನ್ನು ಕಿತ್ತುಹಾಕಿ ಓಡಿಸುವ ಒಂದು ಆಯ್ಕೆಯೂ ಪೈಥಾನಿನಲ್ಲಿದೆ, ಆದರೆ ಹಾಗೆಂದು ಬೇಕೆಂದೇ ಹೇಳಬೇಕು. ತಾನಾಗಿ ಅಳಿಯುವುದಿಲ್ಲ.

ಇಡೀ ತಂತ್ರ ಇಷ್ಟೇ: ವಿವರಣೆಯನ್ನು ವಸ್ತುವಿನ ಪಕ್ಕ ಇಡುವುದಲ್ಲ, ವಸ್ತುವಿನ ಅಂಗವಾಗಿಸುವುದು. ಕನ್ನಡದಲ್ಲಿ ಡಾಕ್‌ಸ್ಟ್ರಿಂಗ್ ಎಂಬುದನ್ನು ‘ಹಣೆಬರಹ’ ಎನ್ನಬಹುದು. ಫಂಕ್ಷನ್ನಿನ ಹಣೆಯ ಮೇಲೆಯೇ ಬರೆದಿರುತ್ತದೆ, ಹುಟ್ಟಿದಾಗಿನಿಂದ ಜೊತೆಗಿರುತ್ತದೆ. ಬ್ರಹ್ಮ ಬರೆದದ್ದನ್ನು ಯಾರೂ ಓದಲಾರರು ಎಂಬ ಒಂದು ವ್ಯತ್ಯಾಸವಿದೆ ಅಷ್ಟೆ; ಕೆಲವು ಪ್ರೋಗ್ರಾಮರುಗಳು ಬರೆದದ್ದನ್ನು ನೋಡಿದರೆ ಆ ವ್ಯತ್ಯಾಸವೂ ಇಲ್ಲವೇನೋ ಅನಿಸುತ್ತದೆ. ಉಪಾಯ ಪೈಥಾನಿನದೇ ಅಲ್ಲ. 1985ರಲ್ಲಿ ಹೊರಬಂದ ರಿಚರ್ಡ್ ಸ್ಟಾಲ್‌ಮನ್ ಅವರ ಗ್ನೂ ಇಮ್ಯಾಕ್ಸ್ ತನ್ನ ಪ್ರತಿ ಆಜ್ಞೆಯ ವಿವರವನ್ನೂ ಕೇಳಿದ ಕೂಡಲೇ ತಾನೇ ಒಪ್ಪಿಸುತ್ತಿತ್ತು. ಪೈಥಾನ್ ಬಳಗ 2001ರಲ್ಲಿ ಪೆಪ್ 257 ಎಂಬ ಪತ್ರದಲ್ಲಿ ಹಣೆಬರಹ ಹೇಗಿರಬೇಕೆಂದು ರೂಢಿ ಕಟ್ಟಿತು. ಮೊದಲ ಸಾಲು ಒಂದೇ ವಾಕ್ಯ, ಅದೂ ಆಜ್ಞೆಯ ಧಾಟಿಯಲ್ಲಿ: ಇದನ್ನು ಮಾಡು, ಅದನ್ನು ಕೊಡು. ಉಳಿದದ್ದು ಆಮೇಲೆ.

ಸುಗಂಧವರ್ತಿಯ ಕಲ್ಲು

ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ. ಬೆಳಗಾವಿಗೆ ಹೋಗುವ ಮೊದಲು ರಟ್ಟರ ರಾಜಧಾನಿ ಇಲ್ಲಿಯೇ ಇತ್ತು. ಕ್ರಿ.ಶ. 980ರಲ್ಲಿ ಶಾಂತಿವರ್ಮನೆಂಬ ರಟ್ಟ ಅರಸ ಇಲ್ಲಿ ಬಸದಿ ಕಟ್ಟಿಸಿ ಭೂಮಿ ಬಿಟ್ಟದ್ದನ್ನು ಒಂದು ಶಾಸನ ಹೇಳುತ್ತದೆ. ಇಂಥ ರಟ್ಟ ಶಾಸನಗಳನ್ನು ಜೆ.ಎಫ್. ಫ್ಲೀಟ್ ಹತ್ತೊಂಬತ್ತನೆಯ ಶತಮಾನದಲ್ಲಿ ಓದಿ ಅಚ್ಚು ಹಾಕಿಸಿದರು. ಆ ಕಾಲದ ದಾನಶಾಸನಗಳನ್ನು ಸಾಲಾಗಿ ಓದುವ ಪ್ರೋಗ್ರಾಮರಿಗೆ ಒಂದು ವಿಚಿತ್ರ ಪರಿಚಯದ ಭಾವ ಬರದೆ ಇರದು. ಯಾರು, ಯಾರಿಗೆ, ಏನನ್ನು, ಏತಕ್ಕೆ ಎಂಬುದು ಮೊದಲು. ಆಮೇಲೆ ಅಳತೆ: ಇಷ್ಟು ಮತ್ತರು. ಆದರೆ ಬರೀ ಮತ್ತರು ಎಂದು ಬಿಡುವುದಿಲ್ಲ. ಎಷ್ಟೋ ಕಡೆ ಯಾವ ಕೋಲಿನಲ್ಲಿ ಅಳೆದ ಮತ್ತರು ಎಂದೂ ಹೇಳುತ್ತಾರೆ. ಊರಿಂದ ಊರಿಗೆ ಕೋಲು ಬೇರೆ, ಕೋಲು ಬೇರೆಯಾದರೆ ಮತ್ತರೂ ಬೇರೆ. ಆಮೇಲೆ ಎಲ್ಲೆ: ಮೂಡಲಿಗೆ ಇಂಥ ಹಳ್ಳ, ತೆಂಕಣಕ್ಕೆ ಇಂಥ ಕಲ್ಲು. ಕೊನೆಗೆ, ಇದನ್ನು ಮುರಿದವರ ಗತಿ ಏನು ಎಂಬ ಶಾಪಾಶಯ: ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳು. ಏನು ಒಳಗೆ ಬರಬೇಕು, ಯಾವ ಅಳತೆಯಲ್ಲಿ, ಎಲ್ಲಿಯವರೆಗೆ ಅನ್ವಯ, ತಪ್ಪಿದರೆ ಏನು. ಒಳ್ಳೆಯ ಹಣೆಬರಹ ಇದಕ್ಕಿಂತ ಹೆಚ್ಚಿನದನ್ನು ಹೇಳುವುದಿಲ್ಲ. ನಮ್ಮ ಕಾಲದ ದೋಷಸಂದೇಶಗಳಲ್ಲಿ ಹುಳುವಿನ ಪ್ರಸ್ತಾಪ ಇಲ್ಲದಿರುವುದು ಮಾತ್ರ ಕೊರತೆ.

ಕಲ್ಲಿನ ಜೊತೆಗೆ ತಾಮ್ರಪಟಗಳೂ ಇದ್ದವಲ್ಲ ಎಂದು ಯಾರಾದರೂ ನೆನಪಿಸಬಹುದು. ನಿಜ, ಆ ಹೋಲಿಕೆಯೂ ಇಲ್ಲಿ ಕೆಲಸಕ್ಕೆ ಬರುತ್ತದೆ. ತಾಮ್ರಪಟ ದಾನ ಪಡೆದವರ ಮನೆಯ ಪೆಟ್ಟಿಗೆಯಲ್ಲಿರುತ್ತದೆ, ಕಲ್ಲು ಬಯಲಿನಲ್ಲಿ ನಿಂತಿರುತ್ತದೆ. ಸಾಫ್ಟ್‌ವೇರಿನ ಕೈಪಿಡಿ ತಾಮ್ರಪಟದ ಜಾತಿಯದು; ಬೆಲೆಯುಳ್ಳದ್ದೇ, ಆದರೆ ಹೊಲಕ್ಕೆ ನೇಗಿಲು ಹೊತ್ತು ಬಂದವರ ಕಣ್ಣಿಗೆ ಬೀಳುವುದಿಲ್ಲ. 1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳದ ಬಳಿ ಕಳೆದುಹೋದದ್ದು ಇದಕ್ಕೆ ಎಲ್ಲರೂ ಬಲ್ಲ ಸಾಕ್ಷಿ. ಭೂಮಿಯ ಮೇಲಿನ ಒಂದು ಪ್ರೋಗ್ರಾಮು ನೌಕೆಯ ಸಣ್ಣ ತಳ್ಳುಗಳ ಲೆಕ್ಕವನ್ನು ಪೌಂಡ್-ಸೆಕೆಂಡಿನಲ್ಲಿ ಕೊಟ್ಟಿತು, ಅದನ್ನು ಪಡೆದ ಕಡೆಯವರು ನ್ಯೂಟನ್-ಸೆಕೆಂಡು ಎಂದು ತಿಳಿದರು. ವ್ಯತ್ಯಾಸ ನಾಲ್ಕೂವರೆ ಪಟ್ಟಿಗೆ ತುಸು ಕಡಿಮೆ. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಒಂದು ಮಾತನ್ನು ಬಿಟ್ಟುಬಿಡುತ್ತಾರೆ. ಮೆಟ್ರಿಕ್ ಅಳತೆಯನ್ನೇ ಬಳಸಬೇಕು ಎಂದು ಬರೆದ ದಾಖಲೆ ಇತ್ತು. ಪೆಟ್ಟಿಗೆಯಲ್ಲಿ ತಾಮ್ರಪಟ ಇತ್ತು, ಹೊಲದಲ್ಲಿ ಕಲ್ಲು ಇರಲಿಲ್ಲ. ಬರೆದಿಟ್ಟರೆ ಸಾಲದು, ಕೈ ಹಾಕುವ ಜಾಗದಲ್ಲೇ ಬರೆದಿಡಬೇಕು. ಅಷ್ಟೂ ಸಾಲದೇ ಹೋಗಬಹುದು. ಅದಕ್ಕೆ ಮುಂದೆ ಬರೋಣ.

ಹೆಸರೇ ಸಾಕಲ್ಲ ಎನ್ನುವವರಿಗೆ

ನುರಿತ ಪ್ರೋಗ್ರಾಮರುಗಳ ಒಂದು ಗಟ್ಟಿ ಆಕ್ಷೇಪವಿದೆ. ಒಳ್ಳೆಯ ಕೋಡು ತನ್ನನ್ನು ತಾನೇ ವಿವರಿಸುತ್ತದೆ. ಫಂಕ್ಷನ್ನಿಗೂ ಅದರೊಳಗಿನ ಸಂಖ್ಯೆಗಳಿಗೂ ಸರಿಯಾದ ಹೆಸರಿಟ್ಟರೆ ಹಣೆಬರಹ ಯಾಕೆ? ಇದರಲ್ಲಿ ಅರ್ಧ ಸತ್ಯವಿದೆ. ಎರಡು ಸಂಖ್ಯೆ ಕೂಡಿಸುವ ಫಂಕ್ಷನ್ನಿಗೆ ‘ಕೂಡಿಸು’ ಎಂದು ಹೆಸರಿಟ್ಟು, ಕೆಳಗೆ ‘ಎರಡು ಸಂಖ್ಯೆಗಳನ್ನು ಕೂಡಿಸುತ್ತದೆ’ ಎಂದು ಬರೆಯುವುದು ಬಾಗಿಲ ಮೇಲೆ ‘ಬಾಗಿಲು’ ಎಂದು ಬರೆದ ಹಾಗೆ. ಅಂಥವನ್ನು ಅಳಿಸಿದರೆ ಯಾರಿಗೂ ನಷ್ಟವಿಲ್ಲ. ಆದರೆ ಕಸುಬುಗಳ ನಿಜವಾದ ಹೆಸರುಗಳು ಎಷ್ಟು ಮೋಸ ಮಾಡಬಲ್ಲವು ಎಂಬುದನ್ನು ರಾಮದುರ್ಗ, ಸುರೇಬಾನದ ನೇಕಾರರ ಬಾಯಲ್ಲಿ ಕೇಳಬೇಕು. ನೂಲಿನ ನಂಬರ್ ಎಂಬುದಕ್ಕಿಂತ ಸ್ಪಷ್ಟವಾದ ಹೆಸರು ಇನ್ನಾವುದಿದೆ? ಹತ್ತಿ ನೂಲಿನಲ್ಲಿ ನಂಬರ್ ಎಂದರೆ ಒಂದು ಪೌಂಡ್ ತೂಕದಲ್ಲಿ 840 ಗಜದ ಲಡಿಗಳು ಎಷ್ಟು ಎಂಬ ಎಣಿಕೆ. ಹಾಗಾಗಿ ನಂಬರ್ ಏರಿದಷ್ಟೂ ನೂಲು ಸಣ್ಣ. ಇಪ್ಪತ್ತರ ನೂಲು ದಪ್ಪ, ಎಂಬತ್ತರದು ನವಿರು. ರೇಷ್ಮೆ, ಕೃತಕ ರೇಷ್ಮೆಗೆ ಬಂದರೆ ಅಳತೆ ಡೆನಿಯರ್. 9000 ಮೀಟರು ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬುದು. ಇಲ್ಲಿ ಸಂಖ್ಯೆ ಏರಿದಷ್ಟೂ ನೂಲು ದಪ್ಪ. ಒಂದು ಉದ್ದವನ್ನು ತೂಗಿ ಹೇಳುತ್ತದೆ, ಇನ್ನೊಂದು ತೂಕವನ್ನು ಅಳೆದು ಹೇಳುತ್ತದೆ. ಹಾಗಾಗಿ ಇವುಗಳ ದಿಕ್ಕೇ ತಿರುಗುಮುರುಗು. ಇಪ್ಪತ್ತರ ಹತ್ತಿ ನೂಲನ್ನು ಡೆನಿಯರಿಗೆ ತಿರುಗಿಸಿದರೆ ಸುಮಾರು 266 ಆಗುತ್ತದೆ. ಅಂದರೆ ‘20’ ಎಂಬ ಒಂದೇ ಸಂಖ್ಯೆ ಎರಡು ಮಗ್ಗಗಳಲ್ಲಿ ಹದಿಮೂರು ಪಟ್ಟು ಬೇರೆ ತೂಕದ ನೂಲನ್ನು ಸೂಚಿಸುತ್ತದೆ. ಸೀರೆಗೆ ಎಷ್ಟು ನೂಲು ಬೇಕೆಂದು ಲೆಕ್ಕ ಹಾಕುವ ಫಂಕ್ಷನ್ನಿನಲ್ಲಿ ‘ನೂಲಿನ ನಂಬರ್’ ಎಂದು ಹೆಸರಿಟ್ಟವರು ತಪ್ಪು ಮಾಡಿಲ್ಲ, ತಮ್ಮ ಮಗ್ಗದ ಮಾತನ್ನೇ ಆಡಿದ್ದಾರೆ. ಇನ್ನೊಂದು ಮಗ್ಗದವರು ಓದುತ್ತಾರೆ ಎಂಬುದನ್ನು ಮಾತ್ರ ಮರೆತಿದ್ದಾರೆ.

ಬೈಲಹೊಂಗಲದ ಹತ್ತಿ ಪೇಟೆಯ ದರಕ್ಕೂ ಇದೇ ಪಾಡು. ಬೀಜ ಸಹಿತ ಹತ್ತಿಯ ದರ ಕ್ವಿಂಟಲಿಗೆ, ಬೀಜ ತೆಗೆದ ಅರಳೆಯ ದರ ಕ್ಯಾಂಡಿಗೆ, ಅಂದರೆ ಸುಮಾರು 356 ಕಿಲೋಗೆ. ‘ಹತ್ತಿಯ ದರ’ ಎಂಬ ಹೆಸರು ಎರಡಕ್ಕೂ ಸಲ್ಲುತ್ತದೆ. ಹೆಸರೆಂಬುದು ಕರೆಯಲು ಇರುವುದು, ಎಲ್ಲವನ್ನೂ ತುಂಬಲು ಅಲ್ಲ. ಅಳತೆ, ಅಳತೆಯ ಆರಂಭಬಿಂದು, ಒಪ್ಪಿಕೊಂಡ ಊಹೆಗಳು, ಮಾಡದೆ ಬಿಟ್ಟ ಕೆಲಸ ಇವನ್ನೆಲ್ಲ ಹೆಸರಿಗೆ ತುರುಕಿದರೆ ಅದು ಹೆಸರಾಗಿ ಉಳಿಯದೆ ರೈಲಿನ ಉದ್ದವಾಗುತ್ತದೆ.

ತಪ್ಪು ಹುಟ್ಟುವ ಜಾಗ

ಇಷ್ಟರವರೆಗಿನ ವಾದವನ್ನು ಒಪ್ಪಿದವರೂ ಹಣೆಬರಹವನ್ನು ಒಂದು ಸೌಜನ್ಯ ಎಂದೇ ತಿಳಿಯುತ್ತಾರೆ. ಬಂದವರಿಗೆ ನೀರು ಕೊಟ್ಟ ಹಾಗೆ. ನನ್ನ ವಾದ ಅದಕ್ಕಿಂತ ಮುಂದಕ್ಕೆ ಹೋಗುತ್ತದೆ. ಹಣೆಬರಹ ಇಲ್ಲದ ಫಂಕ್ಷನ್ನಿನಲ್ಲಿ ತಪ್ಪು ಎಂಬುದೇ ಇರಲಾರದು. ಕೇಳಲು ಇದು ಹೊಗಳಿಕೆಯ ಹಾಗಿದೆ, ಆದರೆ ಅಲ್ಲ. ನಮ್ಮ ಜಲಾಶಯದ ಫಂಕ್ಷನ್ನಿಗೇ ಮರಳೋಣ. ಬೇಸಿಗೆ ಬಂದಿದೆ. ಒಳಹರಿವು ಸೊನ್ನೆ, ಕಾಲುವೆಗೆ 1000 ಕ್ಯೂಸೆಕ್ ಬಿಡುತ್ತಿದ್ದಾರೆ, ಜಲಾಶಯದಲ್ಲಿ 20.73 ಟಿಎಂಸಿ ಇದೆ. ತುಂಬಲು ಎಷ್ಟು ದಿನ ಎಂದು ಕೇಳಿದರೆ ಫಂಕ್ಷನ್ ಹೇಳುವುದು: ಮೈನಸ್ 197. ಇದು ತಪ್ಪೋ ಸರಿಯೋ? ತಪ್ಪೇ ಎಂದು ತೋರುತ್ತದೆ, ದಿನಗಳು ಮೈನಸ್ ಆಗುವುದುಂಟೇ? ಆದರೆ ಒಂದು ಕ್ಷಣ ನಿಂತು ನೋಡಿದರೆ ಆ ಸಂಖ್ಯೆಗೂ ಅರ್ಥವಿದೆ. ಇದೇ ವೇಗದಲ್ಲಿ ನೀರು ಇಳಿಯುತ್ತ ಬಂದಿದ್ದರೆ 197 ದಿನಗಳ ಹಿಂದೆ ಜಲಾಶಯ ತುಂಬಿತ್ತು. ಒಬ್ಬ ಎಂಜಿನಿಯರಿಗೆ ಅದು ಬೇಕಾದ ಉತ್ತರವೇ ಆಗಿರಬಹುದು. ಇನ್ನೊಬ್ಬರ ಪರದೆಯ ಮೇಲೆ ಅದೇ ಸಂಖ್ಯೆ ಬಂದು ಮುಂದಿನ ಲೆಕ್ಕವನ್ನೆಲ್ಲ ಕೆಡಿಸಬಹುದು. ಕೋಡನ್ನು ಎಷ್ಟೇ ಸಲ ಓದಿದರೂ ಇದು ತೀರ್ಮಾನವಾಗುವುದಿಲ್ಲ. ಕೋಡು ಹೇಳುವುದು ತಾನೇನು ಮಾಡುತ್ತೇನೆ ಎಂದು. ಏನು ಮಾಡಬೇಕಿತ್ತು ಎಂದು ಅದಕ್ಕೆ ಗೊತ್ತಿಲ್ಲ. ತಪ್ಪು ಎಂಬುದು ಒಂದು ಹೇಳಿಕೆಯೊಳಗೆ ಇರುವುದಿಲ್ಲ. ಎರಡು ಹೇಳಿಕೆಗಳ ನಡುವಿನ ಬಿರುಕಿನಲ್ಲಿ ಇರುತ್ತದೆ. ಮಾತು ಕೊಡದವರು ಮಾತಿಗೆ ತಪ್ಪುವುದು ಹೇಗೆ?

ಆದ್ದರಿಂದ ಹಣೆಬರಹ ವಿವರಣೆಯಲ್ಲ, ಮಾತು ಕೊಟ್ಟ ಪತ್ರ. ಅದನ್ನು ಹೀಗೆ ಬರೆಯಬಹುದು: ‘ಮಲಪ್ರಭಾ ಜಲಾಶಯ ತುಂಬಲು ಬೇಕಾದ ದಿನಗಳನ್ನು ಲೆಕ್ಕ ಹಾಕು. ಸಂಗ್ರಹವನ್ನು ಟಿಎಂಸಿಯಲ್ಲಿ, ಹರಿವನ್ನು ಕ್ಯೂಸೆಕ್‌ನಲ್ಲಿ ಕೊಡಬೇಕು. ಹರಿವು ದಿನವೂ ಒಂದೇ ಸಮ ಎಂದು ಹಿಡಿದಿದೆ. ಆವಿಯಾಗುವ ನೀರನ್ನು ಲೆಕ್ಕಕ್ಕೆ ಹಿಡಿದಿಲ್ಲ. ಹೊರಹರಿವು ಒಳಹರಿವಿಗೆ ಸಮನಾದರೆ ಅಥವಾ ಮೀರಿದರೆ ಉತ್ತರ ಕೊಡದೆ ದೋಷ ಎತ್ತುತ್ತದೆ.’ ಈ ಐದು ವಾಕ್ಯ ಬರೆದ ಕ್ಷಣದಲ್ಲಿ ಮೈನಸ್ 197 ತಪ್ಪಾಗುತ್ತದೆ, ನಿನ್ನೆಯವರೆಗೆ ಅದು ಏನೂ ಆಗಿರಲಿಲ್ಲ. ಎರಡು ಹರಿವೂ ಸಮನಾದಾಗ ಸೊನ್ನೆಯಿಂದ ಭಾಗಿಸುವ ಪ್ರಸಂಗ ಬಂದು ಪ್ರೋಗ್ರಾಮು ಮುಗ್ಗರಿಸುತ್ತಿತ್ತಲ್ಲ, ಅದೂ ಈಗ ಅಪಘಾತವಲ್ಲ, ಮೊದಲೇ ಒಪ್ಪಿಕೊಂಡ ನಡವಳಿಕೆ.

ಮಾತು ಕೊಟ್ಟ ಪತ್ರ ಎಂದ ಮೇಲೆ ಅದನ್ನು ಯಾವಾಗ ಬರೆದದ್ದು ಎಂಬ ಪ್ರಶ್ನೆಯೂ ಏಳುತ್ತದೆ. ಕಿತ್ತೂರಿನ ಇತಿಹಾಸ ಗೊತ್ತಿರುವವರಿಗೆ ಇದರ ತೂಕ ಹೇಳಬೇಕಿಲ್ಲ. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜ ತೀರಿಕೊಂಡಾಗ, ಅವನು ದತ್ತು ತೆಗೆದುಕೊಂಡಿದ್ದಾನೆ ಎಂದು ತಿಳಿಸುವ ಪತ್ರ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಕೈ ಸೇರಿತು. ಬದುಕಿದ್ದಾಗ ಬರೆಸಿದ್ದೋ, ಸತ್ತ ಮೇಲೆ ಹೊಂದಿಸಿದ್ದೋ ಎಂದು ಆತ ಸಹಿಯನ್ನೇ ಅನುಮಾನಿಸಿದ. ಈಸ್ಟ್ ಇಂಡಿಯಾ ಕಂಪನಿಯ ಕಣ್ಣಿದ್ದದ್ದು ಕಿತ್ತೂರಿನ ಸಂಸ್ಥಾನದ ಮೇಲೆ, ಹಾಗಾಗಿ ಎಂಥ ಪತ್ರ ತೋರಿಸಿದ್ದರೂ ಅದು ಒಪ್ಪುತ್ತಿತ್ತೆಂದು ನಂಬುವುದು ಕಷ್ಟ. ಅಕ್ಟೋಬರ್ 23ರಂದು ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಸತ್ತದ್ದರ ಹಿಂದಿನ ಕಾರಣ ಬರೀ ಒಂದು ಸಹಿ ಅಲ್ಲ. ಆದರೆ ನೆಪಕ್ಕಾದರೂ ಆತ ಹಿಡಿದ ಎಳೆ ಯಾವುದೆಂದು ನೋಡಿ. ಘಟನೆಯ ಮೊದಲು ಬರೆದ ಪತ್ರ ಸಾಕ್ಷಿ, ಆಮೇಲೆ ಬರೆದದ್ದು ಸಮಜಾಯಿಷಿ. ಹಣೆಬರಹಕ್ಕೂ ಇದೇ ಅನ್ವಯ. ಕೋಡು ಬರೆಯುವ ಮೊದಲು ಬರೆದರೆ ಅದು ಕೋಡನ್ನು ಕಟ್ಟಿಹಾಕುತ್ತದೆ. ಎಲ್ಲ ಮುಗಿದ ಮೇಲೆ ಕೋಡನ್ನು ನೋಡಿಕೊಂಡು ಬರೆದರೆ, ಕೋಡಿನಲ್ಲಿದ್ದ ತಪ್ಪೂ ಸಾಲಂಕೃತವಾಗಿ ಅದರೊಳಗೆ ಬಂದು ಕೂರುತ್ತದೆ.

ಹಳಸುವ ಮಾತು

ಇನ್ನೊಂದು ಆಕ್ಷೇಪ ಇದಕ್ಕಿಂತ ಕಠಿಣವಾದದ್ದು. ಕೋಡು ಬದಲಾಗುತ್ತದೆ, ಹಣೆಬರಹ ಹಾಗೇ ಉಳಿಯುತ್ತದೆ. ಸುಳ್ಳು ಹೇಳುವ ಫಲಕಕ್ಕಿಂತ ಫಲಕವಿಲ್ಲದ ದಾರಿಯೇ ಮೇಲಲ್ಲವೇ? ಕಲ್ಲಿಗೂ ಹೀಗಾಗಿದೆ. ಎಲ್ಲೆಯೆಂದು ಹೇಳಿದ ಹಳ್ಳ ದಿಕ್ಕು ಬದಲಿಸಿದೆ, ಕಲ್ಲು ಮಾತ್ರ ಹಳೆಯ ಮಾತನ್ನೇ ಹೇಳುತ್ತ ನಿಂತಿದೆ. ಈ ಆಕ್ಷೇಪವನ್ನು ಮಾತಿನಿಂದ ಗೆಲ್ಲಲಾಗದು, ಒಂದು ಯಂತ್ರದಿಂದ ಗೆಲ್ಲಬಹುದು. ಪೈಥಾನಿನಲ್ಲಿ ಡಾಕ್‌ಟೆಸ್ಟ್ ಎಂಬ ಸಲಕರಣೆ ಇದೆ. ಟಿಮ್ ಪೀಟರ್ಸ್ ಅವರದು, 2001ರಿಂದ ಭಾಷೆಯ ಜೊತೆಗೇ ಬರುತ್ತದೆ. ಹಣೆಬರಹದೊಳಗೆ ಒಂದು ಉದಾಹರಣೆ ಬರೆಯಬೇಕು: 25.73 ಟಿಎಂಸಿ, 11,574 ಕ್ಯೂಸೆಕ್ ಕೊಟ್ಟರೆ ಉತ್ತರ 12.0. ಡಾಕ್‌ಟೆಸ್ಟ್ ಆ ಪಠ್ಯದಲ್ಲಿರುವ ಉದಾಹರಣೆಯನ್ನು ಹೆಕ್ಕಿ, ನಿಜವಾಗಿ ಓಡಿಸಿ, ಬಂದ ಉತ್ತರವನ್ನು ಬರೆದ ಉತ್ತರದ ಜೊತೆ ಹೋಲಿಸುತ್ತದೆ. ಹೊಂದದಿದ್ದರೆ ಕೂಗುತ್ತದೆ. ಕೋಡನ್ನು ತಿದ್ದಿ ಹಣೆಬರಹವನ್ನು ಮರೆತವರು ಆ ದಿನವೇ ಸಿಕ್ಕಿಬೀಳುತ್ತಾರೆ.

ಇಲ್ಲೊಂದು ಸ್ವಾರಸ್ಯವಿದೆ. ಡಾಕ್‌ಟೆಸ್ಟ್ ಹೋಲಿಸುವುದು ಸಂಖ್ಯೆಯನ್ನಲ್ಲ, ಅಕ್ಷರಗಳನ್ನು. ಯಾರಾದರೂ 11,574ನ್ನು ಕೈಬಿಟ್ಟು 86,400 ಸೆಕೆಂಡುಗಳಿಂದಲೇ ನೇರವಾಗಿ ಲೆಕ್ಕ ಮಾಡಿದರೆ ಉತ್ತರ 12.0 ಬರುವುದಿಲ್ಲ, 12.00008ರ ಹತ್ತಿರ ಬರುತ್ತದೆ. ಲೆಕ್ಕ ಹೆಚ್ಚು ಸರಿಯಾಗಿದೆ, ಆದರೂ ಪರೀಕ್ಷೆ ಫೇಲು. ಹಲವರು ಇದನ್ನು ಸಲಕರಣೆಯ ಮೊಂಡುತನ ಎಂದು ಬೈಯುತ್ತಾರೆ. ನನಗೆ ಇದು ಅದರ ಒಳ್ಳೆಯ ಗುಣ ಎಂದೇ ತೋರುತ್ತದೆ. ಏಕೆಂದರೆ ಅದು ಕೇಳುತ್ತಿರುವ ಪ್ರಶ್ನೆ ನ್ಯಾಯವಾದದ್ದು: ಉತ್ತರವನ್ನು ಎಷ್ಟು ಅಂಕಿಯವರೆಗೆ ನಂಬಬೇಕು ಎಂದು ನೀವು ಎಲ್ಲಿ ಹೇಳಿದ್ದೀರಿ? ಜಲಾಶಯದ ವಿಷಯದಲ್ಲಿ ದಿನದ ಒಂದು ದಶಮಾಂಶ ಧಾರಾಳ. ಅದನ್ನು ಹಣೆಬರಹದಲ್ಲಿ ಬರೆದು, ಉತ್ತರವನ್ನು ಅಷ್ಟಕ್ಕೆ ದುಂಡಾಗಿಸಿದರೆ ಜಗಳ ಮುಗಿಯಿತು. ಎಲ್ಲ ವಾಕ್ಯಗಳನ್ನೂ ಹೀಗೆ ಯಂತ್ರ ಪರೀಕ್ಷಿಸಲಾರದು, ನಿಜ. ‘ಆವಿಯಾಗುವ ನೀರನ್ನು ಹಿಡಿದಿಲ್ಲ’ ಎಂಬುದು ಹಳಸಿದರೆ ಕೂಗುವವರಿಲ್ಲ. ಅಷ್ಟರ ಮಟ್ಟಿಗೆ ಆಕ್ಷೇಪ ನಿಲ್ಲುತ್ತದೆ.

ಯಂತ್ರವೇ ಬರೆಯಲಿ ಬಿಡಿ

ಈಗಿನ ಕೃತಕ ಬುದ್ಧಿಮತ್ತೆಯ ಸಲಕರಣೆಗಳು ಕೋಡು ತೋರಿಸಿದರೆ ಕ್ಷಣದಲ್ಲಿ ಹಣೆಬರಹ ಬರೆದುಕೊಡುತ್ತವೆ, ಅದೂ ನೀಟಾಗಿ. ಹಾಗಾದರೆ ಮನುಷ್ಯರು ಕೈನೋಯಿಸಿಕೊಳ್ಳುವುದೇಕೆ? ಉತ್ತರ ಮೇಲಿನ ವಾದದಲ್ಲೇ ಇದೆ. ಮೈನಸ್ 197 ಕೊಡುವ ಫಂಕ್ಷನನ್ನು ಬರಿದೇ ಅದಕ್ಕೆ ತೋರಿಸಿದರೆ, ‘ಹೊರಹರಿವು ಹೆಚ್ಚಿದ್ದರೆ ಋಣ ಸಂಖ್ಯೆಯನ್ನು ಹಿಂದಿರುಗಿಸುತ್ತದೆ’ ಎಂದು ಅದು ವಿನಯದಿಂದ ಬರೆದೀತು. ಕೋಡಿನ ದೃಷ್ಟಿಯಿಂದ ಅದು ಅಪ್ಪಟ ಸತ್ಯ. ತಪ್ಪು ಹೀಗೆ ಗುಣವಾಗಿ ಬಡ್ತಿ ಪಡೆಯುತ್ತದೆ. ಎರಡನೆಯ ಸಾಕ್ಷಿ ಮೊದಲನೆಯ ಸಾಕ್ಷಿಯ ಬಾಯಿಂದಲೇ ಕೇಳಿ ಹೇಳಿದರೆ ಕೋರ್ಟಿನಲ್ಲಿ ಅದಕ್ಕೆಷ್ಟು ಬೆಲೆ? ಬರೆದವರು ಏನು ಬಯಸಿದ್ದರು, ಮಾಪಕ ಯಾವ ಅಳತೆ ಕೊಡುತ್ತದೆ, ರಾಮದುರ್ಗದಲ್ಲಿ ಈ ಉತ್ತರವನ್ನು ಯಾರು ಏತಕ್ಕೆ ನೋಡುತ್ತಾರೆ ಎಂಬುದು ಕೋಡಿನ ಹೊರಗಿದೆ. ಅದನ್ನು ಹೇಳಿಕೊಟ್ಟರೆ ಯಂತ್ರ ಚೆನ್ನಾಗಿಯೇ ಬರೆಯುತ್ತದೆ. ಆದರೆ ಅಷ್ಟು ಹೇಳಿಕೊಟ್ಟವರು ಹಣೆಬರಹವನ್ನು ಆಗಲೇ ಬರೆದಾಯಿತು. ಇನ್ನು ಉಳಿದದ್ದು ಅಕ್ಷರ ತಿದ್ದುವ ಕೆಲಸ.

ಯಾವ ಭಾಷೆಯಲ್ಲಿ

2008ರಲ್ಲಿ ಬಂದ ಪೈಥಾನ್ 3ರಲ್ಲಿ ಎಲ್ಲ ಪಠ್ಯವೂ ಯೂನಿಕೋಡ್. ಹಾಗಾಗಿ ಹಣೆಬರಹವನ್ನು ಕನ್ನಡದಲ್ಲಿ ಬರೆಯಲು ಯಾವ ಅಡ್ಡಿಯೂ ಇಲ್ಲ. ಫಂಕ್ಷನ್ನಿನ ಹೆಸರನ್ನೂ ಕನ್ನಡದಲ್ಲಿ ಇಡಬಹುದು. ಪೈಥಾನ್ ಬಳಗದ ಶೈಲಿಪತ್ರ ಮಾತ್ರ, ನಿಮ್ಮ ಭಾಷೆ ಬಾರದವರು ಎಂದೂ ಈ ಕೋಡನ್ನು ಓದುವುದಿಲ್ಲ ಎಂದು ನೂರಕ್ಕೆ ನೂರಿಪ್ಪತ್ತರಷ್ಟು ಖಾತ್ರಿ ಇಲ್ಲದಿದ್ದರೆ ಟಿಪ್ಪಣಿಗಳನ್ನು ಇಂಗ್ಲಿಷಿನಲ್ಲೇ ಬರೆಯಿರಿ ಎನ್ನುತ್ತದೆ. ಜಗತ್ತಿಗೆಲ್ಲ ಹಂಚುವ ಕೋಡಿಗೆ ಅದು ಸರಿ. ಆದರೆ ನವಿಲುತೀರ್ಥದ ಒಂದು ಕೋಣೆಯಲ್ಲಿ ಹರಿವು ದಾಖಲಿಸುವವರು, ಬೈಲಹೊಂಗಲದಲ್ಲಿ ದರ ತುಂಬುವವರು ಬಳಸುವ ಫಂಕ್ಷನ್ನಿಗೆ ಎಂದೋ ಬರಬಹುದಾದ ಪರದೇಶಿಗಿಂತ ಎದುರಿಗಿರುವ ಓದುಗರೇ ಮುಖ್ಯ. ಶಾಸನ ಬರೆಸಿದವರಿಗೆ ಈ ವಿವೇಕ ಇತ್ತು. ಕರ್ನಾಟಕದ ಅನೇಕ ದಾನಶಾಸನಗಳಲ್ಲಿ ದೇವರ ಸ್ತುತಿ, ವಂಶದ ಹೊಗಳಿಕೆ ಸಂಸ್ಕೃತದಲ್ಲಿರುತ್ತದೆ. ಕೋಲು, ಮತ್ತರು, ಹಳ್ಳ, ಎಲ್ಲೆಗೆ ಬಂದ ಕೂಡಲೇ ಮಾತು ಕನ್ನಡಕ್ಕೆ ಹೊರಳುತ್ತದೆ. ಜಗಳ ಬಂದರೆ ಬರುವುದು ಎಲ್ಲೆಯ ಮೇಲೆ, ಆಗ ಕಲ್ಲಿನ ಮುಂದೆ ಬಂದು ನಿಲ್ಲುವವರು ಊರವರು.

ಹೆಸರೇ ಸಾಕು ಎನ್ನುವವರಿಗೆ ಇಲ್ಲಿ ಇನ್ನೊಂದು ತೊಡಕೂ ಇದೆ, ತೀರಾ ಸಣ್ಣದು. ‘ಹರಿವು_ಕ್ಯೂಸೆಕ್‌ಗಳಲ್ಲಿ’ ಎಂದು ಅಳತೆಯನ್ನು ಹೆಸರಿಗೇ ಸೇರಿಸಲು ಹೋದರೆ ಪೈಥಾನ್ ನಿರಾಕರಿಸುತ್ತದೆ. ‘ಕ್ಯೂಸೆಕ್’ ಮತ್ತು ‘ಗಳಲ್ಲಿ’ ನಡುವೆ ಗಕಾರ ಒತ್ತಕ್ಷರವಾಗಿ ಕೆಳಗಿಳಿಯದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಗುರುತನ್ನು ಹಾಕುತ್ತೇವೆ. ಆ ಗುರುತಿಗೆ ಪೈಥಾನಿನ ಹೆಸರುಗಳಲ್ಲಿ ಪ್ರವೇಶವಿಲ್ಲ. ಹೆಸರಿನಲ್ಲಿ ಅದು ‘ಕ್ಯೂಸೆಕ್ಗಳಲ್ಲಿ’ ಎಂದು ಮುದುಡಿಕೊಳ್ಳಬೇಕು. ಆ ಪದವನ್ನು ಕನ್ನಡದವರು ಬರೆಯುವ ಹಾಗೆಯೇ ಬರೆಯಲು ಫಂಕ್ಷನ್ನಿನೊಳಗೆ ಉಳಿಯುವ ಜಾಗ ಉದ್ಧರಣ ಚಿಹ್ನೆಯ ಒಳಗಡೆ, ಹಣೆಬರಹದಲ್ಲಿ.